ತೀರ್ಥದ ಕಲೆ

ಮೆಲ್ಬರ್ನ್‌ನ ಹರಾಜು ಕಂಪನಿಯಿಂದ ಬಂದ ಹೆಂಗಸು ಚಿತ್ರದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು, "ಓ, ಇಲ್ಲಿ ನೀರು ಬಿದ್ದಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮಾರಲು ಹೊರಟಿದ್ದ ಡೇನಿಯಲ್‌ನ ಮುಖ ಸಪ್ಪಗಾಯಿತು. ಅವನ ತಾಯಿ ಬರ್ಥಾ ಮಾತ್ರ, ಸದ್ಯ, ಈ ಮಾರಾಟ ತಪ್ಪಿತು ಎಂದುಕೊಂಡಳು.

ಐನೂರು ವರ್ಷ ಹಳೆಯ ಮರದ ಹಲಗೆ ಅದು. ಬೆಲ್ಜಿಯಂ ಕಡೆಯ ಯಾರೋ ಹೆಸರಿಲ್ಲದ ಕಲಾವಿದ ಬರೆದದ್ದು. ಶಿಲುಬೆಯಿಂದ ಇಳಿಸಿದ ಮಗನನ್ನು ಮಡಿಲಲ್ಲಿ ಹಾಕಿಕೊಂಡು ಕೂತ ಮಾತೆ ಮರಿಯಾ. ಅತ್ತು ಅತ್ತು ಮೂಗು ಕೆಂಪಾದ, ನೆರೆಮನೆಯ ಹೆಂಗಸಿನಂಥ ಮುಖ. ಡೇನಿಯಲ್ ಕೊಂಡದ್ದೇನೂ ಭಕ್ತಿಯಿಂದಲ್ಲ, ಇನ್ವೆಸ್ಟ್‌ಮೆಂಟ್ ಎಂದು. ಸಿಡ್ನಿಯ ಕೆಲ್ಲಿವಿಲ್‌ನ ಈ ಹೊಸ ಮನೆಯಲ್ಲಿ ಟೀವಿಯ ಎದುರು ಗೋಡೆ ಖಾಲಿ ಇತ್ತು, ಅಲ್ಲಿ ನೇತುಹಾಕಿದ. ಮಂಗಳೂರಿನಿಂದ ಬಂದ ಬರ್ಥಾಳಿಗೆ ಅಂಥ ಲೆಕ್ಕಾಚಾರವೆಲ್ಲ ಗೊತ್ತಿಲ್ಲ. ಮನೆಗೆ ಮಾತೆ ಬಂದಿದ್ದಾಳೆಂದು ಪ್ರತಿ ಸಂಜೆ ಅದರ ಮುಂದೆ ಕುಳಿತು ಜಪಸರ ಹೇಳತೊಡಗಿದಳು. ಗಂಡ ಕಜೆತಾನ್‌ನ ಕಾಯಿಲೆ ಬಿಗಡಾಯಿಸಿ ಮೆಟ್ಟಿಲು ಹತ್ತಲಾಗದಾದಾಗ ಅವನ ಹಾಸಿಗೆಯನ್ನೂ ಆ ಗೋಡೆಯ ಕೆಳಗೇ ಹಾಕಿಸಿದಳು. ಅವನು ಕಣ್ಣು ಮುಚ್ಚಿದ್ದೂ ಅಲ್ಲೇ. ಈಗ ಮಾರ್ಕೆಟ್ ಚೆನ್ನಾಗಿದೆಯಂತೆ, ಮಾರಬೇಕಂತೆ. ಮಗ ಅವಳನ್ನು ಕೇಳಲಿಲ್ಲ, ತಿಳಿಸಿದ ಅಷ್ಟೆ.

"ಮಮ್ಮಿ, ಯಾರು ಇದಕ್ಕೆ ನೀರು ಹಾಕಿದ್ದು? ಕ್ಲೀನರ್‌ಗೆ ಮುಟ್ಟಬೇಡ ಅಂತ ಹೇಳಿದ್ದೆ ಅಲ್ವಾ ನಾನು?"

"ಕ್ಲೀನರ್ ಅಲ್ಲ, ಫಾದರ್ ಹಾಕಿದ್ದು. ನಿನ್ನ ಪಪ್ಪನಿಗೆ ಕೊನೆಯ ಎಣ್ಣೆ ಹಚ್ಚಿ ತೀರ್ಥ ಚಿಮುಕಿಸಿದ್ರಲ್ಲ, ಆಗ ಮಾತೆಯ ಮೇಲೂ ಹಾಕಿ ಫಾದರ್ ಅಂತ ನಾನೇ ಹೇಳಿದ್ದು."

"ಐನೂರು ವರ್ಷದ ಪೇಂಟಿಂಗ್‌ಗೆ ನೀರಾ! ನನ್ನನ್ನು ಒಂದು ಮಾತು ಕೇಳ್ಬಾರ್ದಾ?"

"ಮನೆಯಲ್ಲಿರುವ ದೇವರ ಪಟಕ್ಕೆ ತೀರ್ಥ ಹಾಕ್ಲಿಕ್ಕೆ ನಿನ್ನ ಪರ್ಮಿಷನ್ ಬೇಕಾ? ಆಶೀರ್ವಾದ ಆದ ಪಟವನ್ನು ನಮ್ಮಲ್ಲಿ ಯಾರಾದ್ರೂ ಮಾರ್ತಾರಾ ಡ್ಯಾನಿ? ತೀರಾ ಹಾಳಾದ್ರೆ ಮಣ್ಣಿನಲ್ಲಿ ಹೂಳ್ತಾರೆ, ಅಂಗಡಿಗೆ ಹಾಕುದಿಲ್ಲ."

ಡೇನಿಯಲ್ ಆ ಹೆಂಗಸಿನ ಕಡೆ ತಿರುಗಿ, ತೀರ್ಥದ ವಿಷಯ ಎತ್ತದೆ, ಬರೀ ಕ್ಷಮೆ ಕೇಳಿದ. ವಯಸ್ಸಾದವರು, ತಿಳಿಯದೆ ಮಾಡಿದ್ದಾರೆ ಎಂದ. ಅವಳು ನಕ್ಕು ಸಮಾಧಾನ ಹೇಳಿದಳು. "ಮೇಲಿನ ವಾರ್ನಿಷ್ ಮಾತ್ರ ಬೆಳ್ಳಗಾಗಿದೆ. ತೆಗೆದುಬಿಡಬಹುದು. ಗುರುತೂ ಉಳಿಯುವುದಿಲ್ಲ."

ಬರ್ಥಾಳಿಗೆ ಮೈಯೆಲ್ಲ ಉರಿದುಹೋಯಿತು. ಕಜೆತಾನ್‌ನ ಹಣೆಯ ಮೇಲೆ ಬಿದ್ದ ನೀರು ಅವನ ಜೊತೆಗೇ ಮಣ್ಣಿಗೆ ಹೋಯಿತು. ಆ ದಿನದ್ದೆಂದು ಈ ಭೂಮಿಯ ಮೇಲೆ ಉಳಿದಿರುವುದು ಈ ನಾಲ್ಕು ಹನಿಗಳ ಗುರುತು ಮಾತ್ರ. ಬಣ್ಣದಲ್ಲಿ ಬರೆದ ಕಣ್ಣೀರನ್ನು ಜೋಪಾನ ಮಾಡುತ್ತಾರಂತೆ, ನಿಜವಾಗಿ ಬಿದ್ದ ನೀರನ್ನು ಅಳಿಸುತ್ತಾರಂತೆ! ಅವಳು ಎದ್ದುಹೋಗಿ ಚಿತ್ರಕ್ಕೆ ಅಡ್ಡವಾಗಿ ನಿಂತಳು. ಬಂದವಳಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಹೇಳಿದಳು. "ನನ್ನ ಗಂಡ ಸಾಯುವ ಹೊತ್ತಿಗೆ ಫಾದರ್ ಹಾಕಿದ ತೀರ್ಥ ಇದು. ಇದನ್ನು ಒರೆಸಲು ನಾನು ಬಿಡುವುದಿಲ್ಲ."

ಹೆಂಗಸು ಟಾರ್ಚ್ ಆರಿಸಿದಳು. ಅವಳ ಮುಖವೇ ಬದಲಾಯಿತು.

"ಅಯ್ಯೋ, ಹಾಗಾದರೆ ಒರೆಸುವುದು ಬೇಡವೇ ಬೇಡ! ಐನೂರು ವರ್ಷದ ಮೇಲೂ ಒಬ್ಬರ ಮರಣಶಯ್ಯೆಯ ಬಳಿ ಪೂಜೆಗೊಂಡ ಚಿತ್ರ ಎಲ್ಲಿ ಸಿಗುತ್ತದೆ? ಕ್ಯಾಟಲಾಗಿನಲ್ಲಿ ಇದನ್ನೇ ಬರೆಯೋಣ. ಇಂಥ ಕಥೆಗೆ ಜನ ಮುಗಿಬೀಳುತ್ತಾರೆ."

ಡೇನಿಯಲ್ ಫೋನ್ ತೆಗೆದುಕೊಂಡು ತಾಯಿಯ ಹತ್ತಿರ ಬಂದ. ಹೆಗಲ ಮೇಲೆ ಕೈ ಹಾಕಿ ಅವಳನ್ನು ಸೋಫಾದಲ್ಲಿ ಕೂರಿಸಿ ತಾನೂ ಒತ್ತಿಕೊಂಡು ಕುಳಿತ. ಅಪ್ಪ ಹೋದ ಮೇಲೆ ಅವನು ಹಾಗೆ ಕೂತದ್ದೇ ಇಲ್ಲ.

"ಮಮ್ಮಿ, ಪಪ್ಪ ಕೊನೆಗೆ ಎಂತ ಹೇಳಿದ್ದು? ಮಾತೆಯನ್ನೇ ನೋಡ್ತಾ ಇದ್ರಲ್ಲ? ಸ್ವಲ್ಪ ಡೀಟೇಲ್ ಆಗಿ ಹೇಳು, ಬರ್ಕೊಳ್ತೇನೆ."

ಬರ್ಥಾ ಮಗನನ್ನು ನೋಡಿದಳು. ಅವನ ಹೆಬ್ಬೆರಳು ಫೋನಿನ ಮೇಲೆ ಕಾಯುತ್ತಿತ್ತು. ಕೋಪ ಎಷ್ಟಿತ್ತೆಂದರೆ ಅಳುವೂ ಬರಲಿಲ್ಲ. ಹೆಗಲ ಮೇಲಿನ ಅವನ ಕೈ ಸರಿಸಿ, ತನ್ನ ಜನ್ಮದಲ್ಲಿ ಮೊದಲ ಸಲ, ಅವಳು ದೇವರ ಪಟದ ಮುಂದೆ ಕೂತು ಸುಳ್ಳು ಹೇಳಿದಳು.

"ಫಾದರ್ ಹಾಕಿದ್ದಲ್ಲ ಮಾರಾಯ ಅದು. ಗಿಡಕ್ಕೆ ನೀರು ಹಾಕುವಾಗ ನನ್ನ ಕೈಯಿಂದ ಚೆಲ್ಲಿದ್ದು. ಒರೆಸಿ ಮಾರು."