ಕೈಲ್ ಮುಹೂರ್ತದ ಗುಂಡು

ಕೆಮ್ಮಿಗೆ ಅರ್ಧ ಪ್ಯಾಡು, ನಗುವಿಗೆ ಪೂರ್ತಿ ಒಂದು. ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆದಮೇಲೆ ಮೂತ್ರ ಹಿಡಿತಕ್ಕೆ ಸಿಗದ ಪೂವಯ್ಯನಿಗೆ ಈ ದರವೆಲ್ಲ ಬಾಯಿಪಾಠವಾಗಿತ್ತು. ಕೋವಿಯ ಒದೆತಕ್ಕೆ ಎಷ್ಟು ಬೀಳುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಈಗ ಕೋವಿ-ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯಲೆಂದು ಭಾವಮೈದ ಚಿಣ್ಣಪ್ಪ ಅವನ ಕೈಗೆ ಕೋವಿ ತುರುಕಿದ್ದ. ಇಡೀ ಗಾಳಿಬೀಡು ಊರೇ ನೋಡುತ್ತಿತ್ತು. ಪೂವಯ್ಯ ಬಿಳಿ ಪ್ಯಾಂಟು ಹಾಕಿಕೊಂಡಿದ್ದ.

"ಬೇಡ ಮಾರಾಯ, ಭುಜ ನೋವು."

"ಭುಜವಾ? ಆಪರೇಷನ್ ಆದದ್ದು ಕೆಳಗಲ್ವಾ ಭಾವ? ಹೋದ ವರ್ಷ ಕಾಯಿ ಹೊಡೆದವ್ರು ನೀವೇ ಹೀಗಂದ್ರೆ ಹೇಗೆ?"

ಹೆಂಡತಿ ನೀಲಾವತಿ ಗಂಡನ ಕಾಲರ್ ಸರಿಮಾಡುವ ನೆಪದಲ್ಲಿ ಹತ್ತಿರ ಬಂದು ಪಿಸುಗುಟ್ಟಿದಳು. "ಸೀನು ಬರುವಾಗ ಮಾಡ್ತೀರಲ್ಲ, ಹಾಗೇ ಮಾಡಿ. ಮೊದ್ಲು ಕೆಳಗೆ ಬಿಗಿ ಹಿಡೀರಿ, ಆಮೇಲೆ ಟ್ರಿಗರ್ ಎಳೀರಿ."

ಪೂವಯ್ಯ ಕೋವಿಯನ್ನು ಭುಜಕ್ಕೆ ಒತ್ತಿ ಹಿಡಿದ. ಕಣ್ಣು ಕಾಯಿಯ ಮೇಲಿತ್ತು, ಮನಸ್ಸೆಲ್ಲ ಹೊಟ್ಟೆಯ ಕೆಳಗಿತ್ತು. ಡಾಕ್ಟರು ಕಲಿಸಿದ ವ್ಯಾಯಾಮವನ್ನೆಲ್ಲ ನೆನೆದು ಒಳಗಿನ ಸ್ನಾಯುವನ್ನು ಬಿಗಿದು ಗುಂಡು ಹಾರಿಸಿದ. ಕಾಯಿ ಅಲುಗಲಿಲ್ಲ. ದೂರದ ಕೊಂಬೆಯಿಂದ ಎರಡು ಎಲೆ ಉದುರಿದವು.

"ಹೋಗ್ಲಿ ಬಿಡಿ ಭಾವ, ಮುಂದಿನ ವರ್ಷ ನೋಡುವ," ಎಂದು ಚಿಣ್ಣಪ್ಪ ಬೆನ್ನು ತಟ್ಟಿದ. ಪೂವಯ್ಯ ಕೋವಿ ಇಳಿಸಿ ಬಿಳಿ ಪ್ಯಾಂಟಿನತ್ತ ಕಣ್ಣು ಹಾಯಿಸಿದ. ಆಮೇಲೆ ನೀಲಾವತಿಯತ್ತ ತಿರುಗಿ, ಊರಿಗೇ ಕಾಣುವಂತೆ ಮುಖ ಅರಳಿಸಿದ. ಕಾಯಿ ಕೈತಪ್ಪಿತ್ತು. ಒಂದು ಹನಿಯೂ ಸೋರಿರಲಿಲ್ಲ.