ಟಾಕೀಸಿನ ಕುರ್ಚಿ

ನರಸೀಪುರದ ಆ ಟಾಕೀಸು ಈಗ ಕಲ್ಯಾಣ ಮಂಟಪವಾಗಿದೆ. ಮದುವೆಗೆಂದು ಹೋದಾಗ ಬಾಗಿಲಲ್ಲಿ ಹುರಿದ ಕಡಲೆಕಾಯಿಯ ವಾಸನೆ ಬಂದರೆ ಇವತ್ತಿಗೂ ನನ್ನ ತಲೆ ತಗ್ಗುತ್ತದೆ.

ಸೋಸಲೆಯಿಂದ ಸಿನಿಮಾಕ್ಕೆ ಹೋದಾಗಲೆಲ್ಲ ನಾವು ಪರದೆಯ ಮುಂದೆ ನೆಲದ ಮೇಲೆ ಕೂರುತ್ತಿದ್ದೆವು. ನಾನು ಕ್ಲಾಸಿಗೇ ಫಸ್ಟ್ ಬಂದೆನೆಂದು ಆ ಮಧ್ಯಾಹ್ನ ಅಪ್ಪ ಮೊದಲ ಸಲ ಕುರ್ಚಿಗೆ ಟಿಕೆಟ್ಟು ತೆಗೆಸಿದ್ದ. ಕುರ್ಚಿಯ ಕಿತ್ತುಹೋದ ಬೆತ್ತ ತೊಡೆಗೆ ಚುಚ್ಚುತ್ತಿದ್ದರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ.

ಅಷ್ಟರಲ್ಲಿ ಅಪ್ಪ ಕೂಲಿಗೆ ಹೋಗುತ್ತಿದ್ದ ಗದ್ದೆಯ ಯಜಮಾನರು ನಮ್ಮ ಸಾಲಿಗೇ ಬಂದರು. ಅವರನ್ನು ಕಂಡದ್ದೇ ಅಪ್ಪ ತಾನೇ ಎದ್ದು, ಹೆಗಲ ಮೇಲಿದ್ದ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಬಾ ಕಣವ್ವ, ನೆಲದಲ್ಲೇ ಚೆಂದಾಗಿ ಕಾಣ್ತದೆ.”

“ಕೂಸು ಇಲ್ಲೇ ಕೂತಿರ್ಲಿ ಬುಡ್ಲಾ,” ಎಂದ ಯಜಮಾನರು ನನ್ನ ಲಂಗದ ಮಡಿಲಿಗೆ ಬಿಸಿ ಕಡಲೆಕಾಯಿಯನ್ನು ಮೇಲಿನಿಂದ ಸುರಿದರು. ಅಪ್ಪ ಒಬ್ಬನೇ ಕೆಳಗೆ ಹೋದ. ನಾನು ಏಳಲಿಲ್ಲ.

ಇಂಟರ್‌ವಲ್‌ನಲ್ಲಿ ದೀಪ ಹತ್ತಿದಾಗ, ನೆಲದ ಜನರ ನಡುವಿನಿಂದ ಅಪ್ಪ ಎದ್ದು ನಿಂತು, ನನಗೆಂದು ತಂದ ಸೋಡಾ ಬಾಟಲಿಯನ್ನು ಎತ್ತಿ ತೋರಿಸಿದ. ನಾನು ಏನೂ ಇಲ್ಲದ ಬಿಳಿ ಪರದೆಯನ್ನೇ ನೋಡುತ್ತ ಕಡಲೆಕಾಯಿ ಸುಲಿಯುತ್ತಿದ್ದೆ.