ಕಾಡುಮನುಷ್ಯನ ಡೊಳ್ಳು

ಬೆಳಿಗ್ಗೆ ಪಾರ್ಕಿನ ಬಾಗಿಲು ತೆರೆಯುವ ಹೊತ್ತಿಗೇ ಕಾಡುಮನುಷ್ಯರ ವೇಷದವರ ಪ್ಲಾಸ್ಟಿಕ್ ನಗಾರಿ ಒಡೆದುಹೋಯಿತು.

"ನಿನ್ನ ಖೋಲಿಯೊಳಗ ಡೊಳ್ಳ ಐತಲ್ಲ, ಅದನ್ನ ತಗೊಂಡು ಬಾ" ಎಂದು ಮ್ಯಾನೇಜರ್ ಧರ್ಮರಾಜ ಮಲ್ಲಯ್ಯನಿಗೆ ಹೇಳಿದ.

"ಅದು ಬೀರೋಬಾನ ಡೊಳ್ಳರಿ ಸಾಹೇಬ್ರ. ದೇವರ ಕೆಲಸಕ್ಕಷ್ಟ ಇಳಸ್ತೀವಿ."

"ಹಂಗಾದ್ರ ದೇವರ ಹಂತ್ಯಾಕನ ಹೋಗಿ ಕೆಲಸ ಕೇಳು."

ಪಕ್ಕದ ಕುಂಭಾರಿ ಹಳ್ಳಿಯ ಆ ಖೋಲಿ ದೂರವಿರಲಿಲ್ಲ. ಮಲ್ಲಯ್ಯ ಗೂಟದಿಂದ ಡೊಳ್ಳು ಇಳಿಸಿ, ಹಣೆಗೊತ್ತಿಕೊಂಡು, ಹಳೆಯ ಧೋತರದಲ್ಲಿ ಸುತ್ತಿ ತಂದ.

ಸೊಲ್ಲಾಪುರದ ಹೊರಗೆ ಅಕ್ಕಲಕೋಟ ರಸ್ತೆಯ ಆ ಪಾರ್ಕಿನಲ್ಲಿ ಗೋಡೆಗೋಡೆಗೂ ಕಾಮಿಕ್ಸಿನ ಚಿತ್ರಗಳು. ಒಂದು ಕಡೆ ಚಂದ್ರಲೋಕ, ಅದರಾಚೆ ಕಡಲುಗಳ್ಳರ ಬಂದರು, ಕೊನೆಗೆ ನರಭಕ್ಷಕರ ಕಾಡು. ಕಾಡಿನೊಳಗೆ ಪಾರ್ಕಿನ ಆಟದ ರೈಲು ಬಂದು ಅರ್ಧ ನಿಮಿಷ ನಿಲ್ಲುತ್ತಿತ್ತು. ಮೈಗೆಲ್ಲ ಮಸಿ ಬಳಿದುಕೊಂಡು, ಕೊರಳಿಗೆ ಎಲುಬಿನ ಸರ ಹಾಕಿಕೊಂಡ ಮಲ್ಲಯ್ಯ ಮತ್ತು ಗುರುಸಿದ್ಧ ಪೊದೆಯಿಂದ ಜಿಗಿದು ಕಿರುಚಬೇಕು. ಜನ ಹೆದರಿ ಚೀರುವಷ್ಟರಲ್ಲಿ ರೈಲು ಸುರಂಗ ಹೊಕ್ಕು ನಲವತ್ತು ಅಡಿ ಕೆಳಗಿನ ನೀರಿಗೆ ಧುಮುಕುತ್ತಿತ್ತು. ಗುರುಸಿದ್ಧ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಚಾದರದ ಮಗ್ಗ ನಿಂತ ಮೇಲೆ ಇಲ್ಲಿಗೆ ಬಂದವನು. ಮಲ್ಲಯ್ಯನ ಕುರಿಗಳು ರೋಗ ಬಂದು ಒಂದೇ ವಾರದಲ್ಲಿ ಸತ್ತಿದ್ದವು. ಅರವತ್ತು ದಾಟಿದವನಿಗೆ ಬೇರೆಲ್ಲೂ ಕೆಲಸ ಹುಟ್ಟಲಿಲ್ಲ. ಅವನು ಸೊಲ್ಲಾಪುರದ ಮಿಲ್ಲಿನಲ್ಲಿ ವಾಚಮನ್ ಆಗಿದ್ದಾನೆಂದೇ ಅವನ ಊರು ಸಲಗರ ಬುದ್ರುಕದವರೆಲ್ಲ ನಂಬಿದ್ದರು.

ಮೊದಲ ಮೂರು ರೈಲಿಗೆ ಅವನು ಬೇಕೆಂದೇ ಅಡ್ಡಾದಿಡ್ಡಿ ಬಡಿದ. ನಾಲ್ಕನೆಯದು ಬಂದು ನಿಂತಾಗ ಡೊಳ್ಳಿನ ಚರ್ಮ ಕಾದು ಸರಿಯಾದ ದನಿ ಕೊಡತೊಡಗಿತ್ತು. ಬೀರೋಬಾನ ಗುಡಿಯ ಮುಂದೆ ಮೂವತ್ತು ವರ್ಷ ಬಾರಿಸಿದ ಕೈ, ಅವನನ್ನು ಕೇಳದೆಯೇ, ದೇವರನ್ನು ಕರೆಯುವ ಪೆಟ್ಟಿಗೆ ಇಳಿದುಬಿಟ್ಟಿತು.

ಮೂರನೆಯ ಡಬ್ಬಿಯಲ್ಲಿ ಒಬ್ಬ ಮುದುಕಿಯ ತಲೆ ತೂಗತೊಡಗಿತು. ಒಣಗಿದ ಮೈ ತೊಡೆಯ ಮೇಲಿನ ಕಂಬಿಯಿಂದ ನುಸುಳಿ ಎದ್ದು ನಿಂತಿತು. ಕೂದಲು ಬಿಚ್ಚಿ ಹರಡಿತು. ಪಕ್ಕದಲ್ಲಿದ್ದ ಹುಡುಗಿ "ಆಯೀ, ಕೂಡ ಆಯೀ!" ಎಂದು ಸೀರೆ ಹಿಡಿದು ಜಗ್ಗಿದಳು. ಮಲ್ಲಯ್ಯ ಆ ಮುಖದ ಗುರುತು ಹಿಡಿದ. ಅವಳು ಸಕ್ಕುಬಾಯಿ. ಅವನದೇ ಊರಿನವಳು. ಪ್ರತಿವರ್ಷ ಅವನ ಡೊಳ್ಳಿಗೇ ಅವಳ ಮೈಮೇಲೆ ದೇವರು ಬರುತ್ತಿತ್ತು. ಮೊಮ್ಮಗಳು ಕಾಜಲಳನ್ನು ಕರೆದುಕೊಂಡು ಅಕ್ಕಲಕೋಟಕ್ಕೆ ದರ್ಶನಕ್ಕೆ ಹೊರಟವಳು, ಹುಡುಗಿಯ ಹಟಕ್ಕೆ ಇಲ್ಲಿ ಇಳಿದಿದ್ದಳು.

ರೈಲು ಹೊರಡಲು ಗಂಟೆ ಬಾರಿಸಿತು.

"ನಿಲ್ಲಸೋ ಗುರುಸಿದ್ಧಾ! ಗಾಡಿ ನಿಲ್ಲಸೋ!"

ಗುರುಸಿದ್ಧ ಓಡಿಹೋಗಿ ಕೆಂಪು ಗುಂಡಿ ಗುದ್ದಿದ. ಒಂದು ಮೊಳ ಸರಿದಿದ್ದ ರೈಲು ಜಗ್ಗಿ ನಿಂತಿತು. ಸಕ್ಕುಬಾಯಿ ಇಳಿದು, ತೂರಾಡುತ್ತ ಮಲ್ಲಯ್ಯನ ಎದುರಿಗೆ ಬಂದು ನಿಂತಳು. ಬಾಯಿಂದ ಹೊರಟ ದನಿ ಅವಳದಾಗಿರಲಿಲ್ಲ.

"ಯಾಕ ಕರದಿ?"

ಮಲ್ಲಯ್ಯನ ಕೈಯಿಂದ ಕೋಲು ಬಿತ್ತು.

"ಮಳಿ ಕೇಳಾಕ ಕರದಿಯೋ? ಕುರಿ ಕೇಳಾಕ ಕರದಿಯೋ? ಬಾಯಿ ಬಿಡೋ ಮಲ್ಲಯ್ಯಾ. ಯಾಕ ಕರದಿ ನನ್ನ?"

ಗುಡಿಯ ಮುಂದಾಗಿದ್ದರೆ ಹಣೆಗೆ ಭಂಡಾರ ಹಚ್ಚಿ, ಊರಿನ ಕಷ್ಟಗಳನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದ. ಇಲ್ಲಿ ಏನು ಹೇಳುವುದು? ಮಸಿಯ ಕೈಗಳನ್ನು ಜೋಡಿಸಿ ಅವಳ ಕಾಲ ಮೇಲೆ ಬಿದ್ದ.

"ಯಾಕೂ ಕರದಿಲ್ಲೋ ನಮ್ಮಪ್ಪಾ! ಕೈ ತಪ್ಪೇತಿ. ತಿರುಗಿ ಹೋಗು. ನಿನ್ನ ಕಾಲ ಬೀಳ್ತೀನಿ, ಇಲ್ಲಿಂದ ಹೋಗು!"

ಬಂದ ದೇವರನ್ನು ಹೋಗೆಂದು ಅವನು ಅಂದದ್ದು ಅದೇ ಮೊದಲು. ಸಕ್ಕುಬಾಯಿ ಅವನನ್ನೇ ದಿಟ್ಟಿಸಿದಳು. ಆಮೇಲೆ ಬುಡ ಕಡಿದ ಜೋಳದ ದಂಟಿನಂತೆ ಕುಸಿದಳು.

ರೈಲಿನ ತುಂಬ ಸಿಳ್ಳೆ, ಚಪ್ಪಾಳೆ. ಎತ್ತಿದ ಕೈಗಳಲ್ಲೆಲ್ಲ ಮೊಬೈಲು. "ಕಾಯ್ ಆಕ್ಟಿಂಗ್ ಆಹೇ!" ಎಂದು ಯಾರೋ ಮರಾಠಿಯಲ್ಲಿ ಹೊಗಳಿದರು. ರೈಲು ನಿಂತದ್ದಕ್ಕೆ ಬೈಯಲು ಓಡಿಬಂದ ಧರ್ಮರಾಜ, ಆ ಚಪ್ಪಾಳೆ ಕೇಳಿ ನಿಂತೇಬಿಟ್ಟ. ನಂತರ ಮಲ್ಲಯ್ಯನ ಕಿವಿಯ ಹತ್ತಿರ ಬಗ್ಗಿದ.

"ಯಾರಿಕಿ? ದಿನಾ ನಾಕ ಸಲ ಹಿಂಗ ಮಾಡ್ತಾಳೇನು ಕೇಳು. ಪಗಾರ ಕೊಡೂಣು. ಮತ್ತ ನೋಡು, ನಾಳಿಂದ ಇದ ಡೊಳ್ಳು."

ಕಾಜಲ ಬಾಟಲಿಯ ನೀರು ಕುಡಿಸಿದ ಮೇಲೆ ಸಕ್ಕುಬಾಯಿ ಕಣ್ಣು ಬಿಟ್ಟಳು. ದೇವರು ಬಂದದ್ದು, ಆಡಿದ್ದು ಯಾವುದೂ ಅವಳಿಗೆ ಎಂದೂ ನೆನಪಿರುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು, ಎದುರಿಗೆ ಕೂತಿದ್ದ ಕರಿಯ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಎಷ್ಟ ಚಂದ ಬಾರಸ್ತಿ ತಮ್ಮಾ. ನಮ್ಮೂರಾಗ ಮಲ್ಲಯ್ಯ ಅಂತ ಒಬ್ಬಾವ ಅದಾನ, ಥೇಟ ಅವನ ಕೈ. ಪಾಪ, ಅಂವಾ ಈಗ ಮಿಲ್ಲಿನ್ಯಾಗ ವಾಚಮನ್ ಆಗ್ಯಾನ. ನೀ ಯಾವೂರಾವ?"

ಮಲ್ಲಯ್ಯ ನೆಲ ನೋಡಿದ.

"ಮಲಾ ಕಾನಡೀ ಯೇತ ನಾಹೀ" ಎಂದ ಮರಾಠಿಯಲ್ಲಿ, ತುಟಿ ಅಲುಗಿಸಿದಷ್ಟೇ ಮೆಲ್ಲಗೆ.

"ಏನಂದ? ಕೇಳಸಲಿಲ್ಲ" ಎಂದು ಸಕ್ಕುಬಾಯಿ ಮೊಮ್ಮಗಳ ಕಡೆ ತಿರುಗಿದಳು.

ಈಗಷ್ಟೇ ಅವನು ಅಜ್ಜಿಯ ಕಾಲು ಹಿಡಿದು ಅತ್ತದ್ದನ್ನು ಕಾಜಲ ಕಣ್ಣಾರೆ ಕಂಡಿದ್ದಳು, ಮಾತು ಮಾತನ್ನೂ ಕೇಳಿದ್ದಳು. ಮಸಿಯ ಮೇಲೆ ನೀರಿಳಿದು ಗೆರೆಯಾಗಿದ್ದ ಆ ಮುಖವನ್ನು ಅವಳು ತುಸು ಹೊತ್ತು ನೋಡಿದಳು. ಆಮೇಲೆ ಅಜ್ಜಿಯ ತೋಳು ಹಿಡಿದು ಎಬ್ಬಿಸುತ್ತ ಹೇಳಿದಳು:

"ಅವಗ ಕನ್ನಡ ಬರೂದಿಲ್ಲಂತ, ಆಯಿ. ನಡಿ ಹೋಗೂಣು."